1420ರ ಬಿಯರು

ನಾನು ಕುಡಿಯುವವನಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದೆ ನಾನು ಬಿಯರಿನ ಬಗ್ಗೆ, ವೈನಿನ ಬಗ್ಗೆ ಬರೆದದ್ದನ್ನು ಓದಿ, ಮೇಷ್ಟ್ರು ನಿವೃತ್ತರಾದ ಮೇಲೆ ದಾರಿ ತಪ್ಪಿದರು ಎಂದು ನನ್ನ ಹಳೆಯ ವಿದ್ಯಾರ್ಥಿಗಳು ತಿಳಿದಾರು. ಕುಡಿಯದಿರುವುದಕ್ಕೆ ಆದರ್ಶವೇನೂ ಕಾರಣವಲ್ಲ. ನನ್ನ ಸೋದರಮಾವ ಕಾರಣ. ಒಂದೂವರೆ ಎಕರೆ ತೆಂಗಿನ ತೋಟ, ಎರಡು ಜೊತೆ ಎತ್ತು, ಒಂದು ಒಳ್ಳೆಯ ಕಂಠ—ಇಷ್ಟನ್ನೂ ಇಟ್ಟುಕೊಂಡಿದ್ದ ಮನುಷ್ಯ ಹತ್ತು ವರ್ಷಗಳಲ್ಲಿ ಎಲ್ಲವನ್ನೂ ಸಾರಾಯಿ ಅಂಗಡಿಯ ಮೆಟ್ಟಿಲಿಗೆ ಸುರಿದ. ನಾನು ಪಿಯುಸಿ ಓದುತ್ತಿದ್ದಾಗ ಸತ್ತ. ಅತ್ತೆ ಎರಡು ಹಿತ್ತಾಳೆ ಹಂಡೆಗಳನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದು, ಇವನ್ನಾದರೂ ಬಚ್ಚಿಡಿ ಅತ್ತಿಗೆ ಎಂದು ಅವ್ವನ ಕೈಗೆ ಕೊಟ್ಟದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ನಮ್ಮ ಮನೆಯಲ್ಲಿ 'ಕುಡಿತ' ಎಂಬ ಮಾತನ್ನು ಆಡುವಂತಿರಲಿಲ್ಲ. ನೀರು ಕುಡಿಯುವುದಕ್ಕೂ ಅವ್ವ 'ನೀರು ತಕ್ಕೊ' ಎನ್ನುತ್ತಿದ್ದಳು.

ಇಂಥ ಮನೆಯಿಂದ ಬಂದ ನಾನು ಇಂಗ್ಲಿಷ್ ಅಧ್ಯಾಪಕನಾಗಿ ಒಂದು ಸಣ್ಣ ಊರಿನ ಕಾಲೇಜಿಗೆ ಸೇರಿದ ಹೊಸದರಲ್ಲಿ, ಲೈಬ್ರರಿಯ ಮೂಲೆಯಲ್ಲಿ ರಟ್ಟು ಕಿತ್ತುಹೋದ ಒಂದು ಪುಸ್ತಕ ಸಿಕ್ಕಿತು. ಜೆ.ಆರ್.ಆರ್. ಟೋಲ್ಕಿನ್ ಬರೆದ 'ದ ಹಾಬಿಟ್'. 1937ರಲ್ಲಿ ಮೊದಲು ಅಚ್ಚಾದದ್ದು. ಮಕ್ಕಳ ಕಥೆ ಎಂದುಕೊಂಡು ಓದತೊಡಗಿದೆ. ಮೊದಲ ಅಧ್ಯಾಯದಲ್ಲೇ ಬಿಲ್ಬೊ ಎಂಬ ಸಂಕೋಚದ ಗೃಹಸ್ಥನ ಮನೆಗೆ ಹದಿಮೂರು ಕುಳ್ಳರು ಒಬ್ಬೊಬ್ಬರಾಗಿ ನುಗ್ಗುತ್ತಾರೆ. ಅವನು ಟೀ ಮಾಡುತ್ತೇನೆ ಎಂದರೆ ಒಬ್ಬ ನನಗೆ ಬಿಯರೇ ವಾಸಿ ಎನ್ನುತ್ತಾನೆ, ಇನ್ನೊಬ್ಬ ಏಲ್ ಕೇಳುತ್ತಾನೆ, ಮತ್ತೊಬ್ಬ ಪೋರ್ಟರ್ ಕೇಳುತ್ತಾನೆ, ಮಂತ್ರವಾದಿ ಗ್ಯಾಂಡಾಲ್ಫ್ ಸ್ವಲ್ಪ ಕೆಂಪು ವೈನು ಸಾಕು ಎನ್ನುತ್ತಾನೆ. ಬಿಲ್ಬೊ ಉಗ್ರಾಣಕ್ಕೂ ಪಡಸಾಲೆಗೂ ಓಡಾಡಿ ಬೆವರುತ್ತಾನೆ. ಹೇಳದೆ ಕೇಳದೆ ಬಂದ ನೆಂಟರ ಗಲಾಟೆ ನಮಗೇನು ಹೊಸದಲ್ಲ; ನಗು ಬಂತು. ಆದರೆ 'ಪೋರ್ಟರ್' ಎಂಬ ಮಾತಿಗೆ ನಿಘಂಟು ನೋಡಬೇಕಾಯಿತು. ಅದು ಹುರಿದ ಮಾಲ್ಟಿನಿಂದ ಮಾಡುವ ಕಪ್ಪು ಬಿಯರು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಮೂಟೆ ಹೊರುವ ಕೂಲಿಗಳು ಕುಡಿಯುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಅಂದರೆ ಡ್ರ್ಯಾಗನ್ ಇರುವ, ಮಂತ್ರದಂಡ ಇರುವ ಲೋಕದೊಳಕ್ಕೆ ಲಂಡನ್ನಿನ ಹಮಾಲರು ತಮ್ಮ ಲೋಟ ಹಿಡಿದುಕೊಂಡೇ ಬಂದುಬಿಟ್ಟಿದ್ದರು.

ನಾನು ಈ ಪ್ರಬಂಧದಲ್ಲಿ ಹೇಳಬೇಕೆಂದಿರುವುದು ಇದರಿಂದಲೇ ಹುಟ್ಟಿದ್ದು. ಕಲ್ಪಿತ ಲೋಕಗಳನ್ನು ಕಟ್ಟುವವರಿಗೆ ಬಣ್ಣಬಣ್ಣದ, ಬಗೆಬಗೆಯ ರುಚಿಯ ಪಾನೀಯಗಳನ್ನು ಹೆಸರಿಸುವ ಚಪಲ ಬಹಳ. ಜೇನಿನ ಮದ್ಯ, ನಕ್ಷತ್ರದ ಮದ್ಯ, ಹೊಗೆಯಾಡುವ ಮದ್ಯ—ಪಟ್ಟಿ ಮಾಡುವುದಕ್ಕೆ ಏನೂ ಖರ್ಚಿಲ್ಲ. ಆದರೆ ಅದನ್ನು ಇಳಿಸಿದವರು ಯಾರು? ಧಾನ್ಯ ಯಾವ ಹೊಲದ್ದು? ಖಾಲಿ ಪೀಪಾಯಿ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಇರುವ ಲೋಕವನ್ನು ನಾನು ನಂಬುತ್ತೇನೆ, ಇಲ್ಲದ ಲೋಕ ನನಗೆ ನಾಟಕದ ಪರದೆ.

'ಹಾಬಿಟ್'ನ ಒಂಬತ್ತನೆಯ ಅಧ್ಯಾಯವನ್ನೇ ನೋಡಿ. ಕಾಡಿನ ಎಲ್ಫ್‌ಗಳ ರಾಜ ಕುಳ್ಳರನ್ನು ಹಿಡಿದು ನೆಲದೊಳಗಿನ ಅರಮನೆಯಲ್ಲಿ ಸೆರೆ ಹಾಕಿದ್ದಾನೆ. ಈ ರಾಜನಿಗೆ ವೈನೆಂದರೆ ಪ್ರಾಣ. ಆದರೆ ಆ ಕಾಡಿನಲ್ಲಿ ದ್ರಾಕ್ಷಿ ಬೆಳೆಯುವುದಿಲ್ಲ! ಸಾಮಾನ್ಯ ಕಥೆಗಾರ ಇದನ್ನು ಯೋಚಿಸುತ್ತಲೇ ಇರಲಿಲ್ಲ. ಮಾಯಾಲೋಕದ ರಾಜನಿಗೆ ಮದ್ಯಕ್ಕೇನು ಬರ? ಟೋಲ್ಕಿನ್ ಯೋಚಿಸುತ್ತಾನೆ. ವೈನು ದೂರದ ದೇಶಗಳಿಂದ, ಡಾರ್ವಿನಿಯನ್ ಎಂಬಲ್ಲಿನ ದೊಡ್ಡ ತೋಟಗಳಿಂದ ಬರಬೇಕು. ಸರೋವರದ ನಡುವಿನ ಊರಿನ ಮನುಷ್ಯರು ಆ ವ್ಯಾಪಾರದ ಮಧ್ಯಸ್ಥರು. ತುಂಬಿದ ಪೀಪಾಯಿಗಳು ಹೊಳೆಯ ಮೇಲೆ ಹೊಳೆಗೆದುರಾಗಿ ಬರುತ್ತವೆ. ಖಾಲಿಯಾದವನ್ನು ನೆಲಮಾಳಿಗೆಯ ಕಿಂಡಿಯಿಂದ ನೀರಿಗೆ ಉರುಳಿಸಿದರೆ ತಾವಾಗಿಯೇ ತೇಲಿಕೊಂಡು ವಾಪಸು ಹೋಗುತ್ತವೆ. ನಮ್ಮ ಊರಿನ ಅಂಗಡಿಗೆ ಸೋಡಾ ಬಾಟಲಿ ವಾಪಸು ಕೊಟ್ಟ ಹಾಗೆ. ಕುಳ್ಳರು ತಪ್ಪಿಸಿಕೊಳ್ಳುವುದು ಈ ಖಾಲಿ ಪೀಪಾಯಿಗಳೊಳಗೆ ಕೂತು. ಅವರನ್ನು ತುಂಬಿಸಿದ ಬಿಲ್ಬೊಗೆ ಮಾತ್ರ ಪೀಪಾಯಿ ಇಲ್ಲ, ಮೇಲೆ ಕೂತು ನೆಂದು ನೆಗಡಿ ಹಿಡಿಸಿಕೊಳ್ಳುತ್ತಾನೆ. ಕತ್ತಿಯಲ್ಲ, ಮಂತ್ರವಲ್ಲ, ಒಂದು ವ್ಯಾಪಾರದ ಪದ್ಧತಿ ನಾಯಕರನ್ನು ಪಾರು ಮಾಡುತ್ತದೆ. ಉಂಗುರ ಬಿಲ್ಬೊನನ್ನು ಅದೃಶ್ಯನನ್ನಾಗಿ ಮಾಡುತ್ತದೆ, ನಿಜ. ಆದರೆ ಬಾಗಿಲು ತೆರೆಯುವುದು ವೈನಿನ ಲೆಕ್ಕಾಚಾರ.

ಬೀಗದ ಕೈ ಹೇಗೆ ಸಿಗುತ್ತದೆ ಎಂಬುದೂ ಕುಡಿತದ ಕಥೆಯೇ. ರಾಜನ ಔತಣಕ್ಕೆಂದು ಬಂದ, ಸಣ್ಣ ಬಟ್ಟಲಲ್ಲಿ ಹೀರಬೇಕಾದ ಗಡಸು ವೈನನ್ನು ಬಟ್ಲರು ದೊಡ್ಡ ಲೋಟಗಳಿಗೆ ಸುರಿದು, ಕಾವಲಿನ ದಳಪತಿಯನ್ನೂ ರುಚಿ ನೋಡಲು ಕರೆದು, ಇಬ್ಬರೂ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಾರೆ. ದಾಸ್ತಾನು ಕಾಯುವವನೇ ದಾಸ್ತಾನಿಗೆ ಕೈ ಹಾಕುವುದು ಯಾವ ಲೋಕದಲ್ಲಿಲ್ಲ? ಈ ಭಾಗವನ್ನು ರಜೆಗೆ ಊರಿಗೆ ಹೋದಾಗ ಅವ್ವನಿಗೆ ಕನ್ನಡದಲ್ಲಿ ಹೇಳಿದ್ದೆ. ಅವಳ ಪ್ರಶ್ನೆಯನ್ನು ಆಮೇಲೆ ಹೇಳುತ್ತೇನೆ.

ನಮ್ಮ ಮಹಾಕಾವ್ಯಗಳಲ್ಲೂ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಸಮುದ್ರ, ಪರ್ವತ, ಋತು, ಚಂದ್ರೋದಯ, ಜಲಕ್ರೀಡೆ ಇವುಗಳ ಜೊತೆಗೆ ಅದಕ್ಕೂ ಪಂಕ್ತಿಯಲ್ಲಿ ಜಾಗ ಉಂಟು. ಎಂ.ಎ. ಓದುವಾಗ ಇಂಥ ವರ್ಣನೆಗಳನ್ನು ಪರೀಕ್ಷೆಗಾಗಿ ಓದಿದ್ದೆ. ಕೆಂಪಾದ ಕಣ್ಣು, ಬಟ್ಟಲಲ್ಲಿ ಚಂದ್ರನ ಬಿಂಬ, ತೊದಲು ನುಡಿ—ಸೊಗಸಾಗಿಯೇ ಇರುತ್ತದೆ. ಸಂಪ್ರದಾಯ ಬೇಡಿದ ಮದ್ಯ ಅದು. ಪೀಪಾಯಿಯ ಯೋಚನೆ ಅಲ್ಲಿಲ್ಲ, ಇರಬೇಕೆಂದೂ ನಾನು ಹಟ ಹಿಡಿಯುವುದಿಲ್ಲ. ಎರಡರ ದಾರಿ ಬೇರೆ.

1954-55ರಲ್ಲಿ ಬಂದ 'ದ ಲಾರ್ಡ್ ಆಫ್ ದ ರಿಂಗ್ಸ್' ಎಂಬ ಮೂರು ಸಂಪುಟಗಳ ಕಾದಂಬರಿಗೆ ಹೋದರೆ ಈ ಕಾಳಜಿ ಇನ್ನೂ ಆಳವಾಗುತ್ತದೆ. ಹಾಬಿಟ್‌ಗಳ ನಾಡಾದ ಶೈರ್ ನಾಲ್ಕು ಭಾಗವಾಗಿದೆ; ಯಾವ ಭಾಗದಲ್ಲಿ ಯಾವುದು ಬೆಳೆಯುತ್ತದೆ ಎಂಬುದು ಸ್ಪಷ್ಟ. ದಕ್ಷಿಣ ಭಾಗದಲ್ಲಿ ದ್ರಾಕ್ಷಿ ಮತ್ತು ಹೊಗೆಸೊಪ್ಪು, ಉತ್ತರದಲ್ಲಿ ಬಾರ್ಲಿ. ದಕ್ಷಿಣದ ಕೆಂಪು ವೈನು 'ಓಲ್ಡ್ ವಿನ್ಯರ್ಡ್ಸ್'ನ ಬಾಟಲಿಗಳನ್ನು ಬಿಲ್ಬೊನ ತಂದೆ ನೆಲಮಾಳಿಗೆಯಲ್ಲಿ ಇಟ್ಟಿದ್ದ. ಮಗ ಮನೆ ಬಿಟ್ಟು ಹೋಗುವಾಗ ಅದರಲ್ಲಿ ಒಂದು ಡಜನ್ನನ್ನು ತನಗೆ ಎಷ್ಟೋ ಸಲ ಊಟ ಹಾಕಿದ ನೆಂಟನಿಗೆ ಬಿಟ್ಟುಹೋಗುತ್ತಾನೆ. ಉಳಿದದ್ದರ ಕೊನೆಯ ಬಾಟಲಿಯನ್ನು ಫ್ರೋಡೊ ಮನೆ ಮಾರಿ ಹೊರಡುವ ಹಿಂದಿನ ಹೊತ್ತಿನಲ್ಲಿ ಗೆಳೆಯರೊಡನೆ ಮುಗಿಸುತ್ತಾನೆ, ಮನೆ ಕೊಂಡ ಜಿಪುಣ ನೆಂಟರಿಗೆ ಒಂದು ತೊಟ್ಟೂ ಸಿಗಬಾರದೆಂದು. ಪಾತ್ರೆಗಳನ್ನು ಮಾತ್ರ ತೊಳೆಯದೆ ಆ ನೆಂಟರಿಗೇ ಬಿಡುತ್ತಾರೆ! ಅಜ್ಜ ಇಟ್ಟದ್ದನ್ನು ಮೊಮ್ಮಗನ ಕಾಲದವರು ಬರಿದು ಮಾಡುವಾಗ ಒಂದು ಮನೆತನ ಮುಗಿಯಿತೆಂದು ನಮಗೆ ಗೊತ್ತಾಗುತ್ತದೆ. ಲೇಖಕ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಬ್ರೀ ಎಂಬ ಊರಿನ ಪಡಖಾನೆಯ ಯಜಮಾನನ ಹೆಸರು ಬಾರ್ಲಿಮನ್ ಬಟರ್‌ಬರ್. ಹೆಸರಿನಲ್ಲೇ ಬಾರ್ಲಿ. ಸದಾ ಓಡಾಟ, ಸದಾ ಮರೆವು. ಗ್ಯಾಂಡಾಲ್ಫ್ ಕೊಟ್ಟಿದ್ದ ಬಹಳ ಮುಖ್ಯವಾದ ಕಾಗದವನ್ನು ಕಳಿಸುವುದನ್ನೇ ಮರೆತು ಲೋಕವನ್ನು ಗಂಡಾಂತರಕ್ಕೆ ದೂಡಿದ ಆಸಾಮಿ. ಅವನನ್ನು ಸುಟ್ಟುಬಿಡುವಷ್ಟು ಸಿಟ್ಟಿನಿಂದ ಬಂದ ಗ್ಯಾಂಡಾಲ್ಫ್, ಫ್ರೋಡೊ ಸುರಕ್ಷಿತ ಕೈಗೆ ಸೇರಿದ್ದಾನೆಂಬ ಸುದ್ದಿ ಅವನ ಬಾಯಿಂದ ಕೇಳಿದಾಗ ಹಿಗ್ಗಿ, ಏಳು ವರ್ಷ ನಿನ್ನ ಬಿಯರು ಅತ್ಯುತ್ತಮವಾಗಿರಲಿ ಎಂದು ಹರಸುತ್ತಾನೆ. ಮಂತ್ರವಾದಿಯ ವರವೂ ಏಳೇ ವರ್ಷ! ಆಮೇಲೆ ಬಾರ್ಲಿಯೇ ನೋಡಿಕೊಳ್ಳಬೇಕು.

ಮಂತ್ರಶಕ್ತಿಯ ಪಾನೀಯಗಳೂ ಈ ಕಾದಂಬರಿಯಲ್ಲಿ ಇಲ್ಲದಿಲ್ಲ. ಹಿಮದ ಬೆಟ್ಟದಲ್ಲಿ ಸೋತವರಿಗೆ ಚೈತನ್ಯ ಕೊಡುವ ಮಿರುವೋರ್, ಕುಡಿದರೆ ಎತ್ತರ ಬೆಳೆಸುವ ಮರಮಾನವರ ನೀರು, ಗಂಟಲು ಸುಡುವ ಓರ್ಕ್‌ಗಳ ಕಷಾಯ. ನನಗೆ ಇವು ಅಷ್ಟಾಗಿ ಹಿಡಿಸಲಿಲ್ಲ. ಕಥೆಗೆ ಬೇಕಾದಾಗ ಚೀಲದಿಂದ ತೆಗೆಯುವ ಔಷಧಿಗಳು ಅಷ್ಟೆ.

ಈಗ ನನ್ನ ಮನಸ್ಸನ್ನು ಕಲಕಿದ ಭಾಗಕ್ಕೆ ಬರುತ್ತೇನೆ. ಕಾದಂಬರಿಯ ಕೊನೆಯಲ್ಲಿ ಉಂಗುರ ನಾಶವಾಗಿ, ಮಹಾಯುದ್ಧ ಮುಗಿದು, ನಾಲ್ವರು ಹಾಬಿಟ್‌ಗಳು ಊರಿಗೆ ಹಿಂತಿರುಗುತ್ತಾರೆ. ಸೇತುವೆಗೆ ಗೇಟು ಬಿದ್ದಿದೆ. ಗೋಡೆಯ ಮೇಲೆ ಕಾನೂನುಗಳ ಪಟ್ಟಿ. ಪಡಖಾನೆಗಳೆಲ್ಲ ಮುಚ್ಚಿವೆ. ಹೊಸ ಯಜಮಾನನಿಗೆ ಬಿಯರು ಸೇರುವುದಿಲ್ಲವಂತೆ. ಮೊದಲು ಹಾಗೆಂದು ಶುರುವಾದದ್ದು, ಈಗ ಬಿಯರೆಲ್ಲ ಅವನ ಆಳುಗಳಿಗೇ ಹೋಗುತ್ತಿದೆ ಎಂದು ಒಬ್ಬ ಪಿಸುಗುಡುತ್ತಾನೆ. ಇದು ಹೇಗಾಯಿತು ಎಂಬುದನ್ನು ಕಾಟನ್ ಎಂಬ ರೈತ ಹೇಳುತ್ತಾನೆ. ಲೋಥೊ ಎಂಬ ದುರಾಸೆಯವನು ಎಲ್ಲಿಂದಲೋ ಬಂದ ದುಡ್ಡಿನಲ್ಲಿ ಗಿರಣಿ, ಮಾಲ್ಟ್ ಮನೆ, ಪಡಖಾನೆ, ಹೊಲ, ಹೊಗೆಸೊಪ್ಪಿನ ತೋಟ ಎಲ್ಲವನ್ನೂ ಒಂದೊಂದಾಗಿ ಕೊಂಡುಕೊಂಡ. ಧಾನ್ಯ ಗಾಡಿಗಟ್ಟಲೆ ದಕ್ಷಿಣಕ್ಕೆ ಹೋಯಿತು. ನ್ಯಾಯವಾಗಿ ಹಂಚುತ್ತೇವೆ ಎಂದು ವಸೂಲಿ ಮಾಡುವವರು ಬಂದರು. ವಸೂಲಿ ಆಯಿತು, ಹಂಚಿಕೆ ಆಗಲಿಲ್ಲ. ಇದಕ್ಕೆ ಸುಳಿವನ್ನು ಟೋಲ್ಕಿನ್ ಮೊದಲೇ ಕೊಟ್ಟಿರುತ್ತಾನೆ. ಬಹು ದೂರದ ಶತ್ರುವಿನ ಕೋಟೆ ಬಿದ್ದಾಗ ಅಲ್ಲಿ ಶೈರ್‌ನ ಹೊಗೆಸೊಪ್ಪಿನ ಪೀಪಾಯಿಗಳು, ಮೇಲೆ ಊರಿನ ಮುದ್ರೆಯ ಸಮೇತ, ತೇಲಿಕೊಂಡಿರುತ್ತವೆ. ಇದು ಇಲ್ಲಿಗೆ ಹೇಗೆ ಬಂತು ಎಂದು ಆಗಲೇ ಒಬ್ಬರಿಗೆ ಅನುಮಾನ.

'ಮಾಲ್ಟ್ ಮನೆ' ಎಂಬ ಮಾತಿನ ಮೇಲೆ ನಾನು ನಿಂತೆ. ಮಾಲ್ಟ್ ಎಂದರೆ ನನಗೆ ಗೊತ್ತಿದ್ದದ್ದು ರಾಗಿ ಮಾಲ್ಟ್. ಅವ್ವ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸುತ್ತಿದ್ದಳು. ಮೊಳಕೆಯಲ್ಲಿ ಹಿಟ್ಟು ಸಿಹಿಯಾಗುತ್ತದೆ. ಬಿಯರಿನ ಮಾಲ್ಟೂ ಇದೇ, ಧಾನ್ಯ ಬಾರ್ಲಿ ಅಷ್ಟೆ. ಆಮೇಲೆ ಬಿಸಿನೀರಿನಲ್ಲಿ ಅದರ ಸಿಹಿಯನ್ನು ಇಳಿಸಿ, ಹಾಪ್ಸ್ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಸೇರಿಸಿದರೆ ಅದು ಹುದುಗಿ ಬಿಯರಾಗುತ್ತದೆ. ಮೊಳಕೆಯ ಹೊತ್ತಿಗೆ ನೋಡಿಕೊಳ್ಳದಿದ್ದರೆ ಬೂಷ್ಟು ಹಿಡಿಯುತ್ತದೆ, ಹುರಿಯುವಾಗ ಮರೆತರೆ ಸೀಯುತ್ತದೆ. ಇಷ್ಟು ಕೆಲಸವಿದೆಯೆಂದು ತಿಳಿದವನಿಗೆ ಮಾತ್ರ, ಒಂದು ನಾಡನ್ನು ಹಿಡಿಯಬೇಕಾದರೆ ಅರಮನೆಯನ್ನಲ್ಲ, ಮಾಲ್ಟ್ ಮನೆಯನ್ನು ಹಿಡಿಯಬೇಕೆಂದು ಹೊಳೆಯಲು ಸಾಧ್ಯ.

ಆದರೆ ಓದುತ್ತ ನನಗೆ ಒಂದು ಮುಜುಗರ. ನಾನು ಯಾರ ಪಕ್ಷ? ಪಡಖಾನೆ ಮುಚ್ಚಿಸಿದವನನ್ನು ನಮ್ಮ ಅತ್ತೆ ಕೈಮುಗಿದು ಸ್ವಾಗತಿಸುತ್ತಿದ್ದಳು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಾಗ, ಇದು ಮೂವತ್ತು ವರ್ಷ ಮೊದಲೇ ಆಗಿದ್ದರೆ ಎಂದು ನಾನೇ ಅಂದುಕೊಂಡವನು. ಬೇರೆ ಮದ್ಯಗಳು ನಿಲ್ಲಲಿಲ್ಲ, ಅಂಗಡಿಗಳ ಬೋರ್ಡು ಬದಲಾಯಿತು ಎಂಬುದು ಬೇರೆ ಮಾತು. ಇಂಥವನಾದ ನಾನು ಸ್ಯಾಮ್ ಎಂಬ ತೋಟದ ಮಾಲಿ, ಸ್ವಾಗತವೂ ಇಲ್ಲ ಬಿಯರೂ ಇಲ್ಲ ಎಂದು ಗೊಣಗಿದಾಗ ಅವನ ಜೊತೆ ಸಿಟ್ಟಾದದ್ದು ಹೇಗೆ? ಪುಟ ತಿರುಗಿಸಿ ಮತ್ತೆ ಓದಿದೆ. ಲೋಥೊ ನಿಲ್ಲಿಸಿದ್ದು ಕುಡಿತವನ್ನಲ್ಲ. ರೌಡಿಗಳನ್ನು ಓಡಿಸಿದ ಮೇಲೆ ಕೊಟ್ಟಿಗೆಗಳಲ್ಲಿ, ಸುರಂಗಗಳಲ್ಲಿ, ಹಳೆಯ ಕಲ್ಲುಕ್ವಾರಿಗಳಲ್ಲಿ ಬಚ್ಚಿಟ್ಟ ದವಸ, ಸಾಮಾನು, ಬಿಯರು ರಾಶಿರಾಶಿಯಾಗಿ ಸಿಗುತ್ತವೆ. ಅವನು ನಿಲ್ಲಿಸಿದ್ದು ಜನ ಒಂದೆಡೆ ಕೂತು ಮಾತಾಡುವುದನ್ನು. ನಮ್ಮ ಮಾವನ ಸಾರಾಯಿ ಅಂಗಡಿಯಲ್ಲಿ ಕೂರುವುದಕ್ಕೆ ಬೆಂಚೇ ಇರಲಿಲ್ಲ. ನಿಂತು ಗಂಟಲಿಗೆ ಸುರಿದುಕೊಂಡು ಹೊರಡಬೇಕು. ಆ ಸರಕನ್ನು ಬೆಳೆದವರು ಯಾರೋ, ಇಳಿಸಿದವರು ಯಾರೋ, ಹರಾಜಿನಲ್ಲಿ ಕೂಗಿದ ಕಂಟ್ರಾಕ್ಟರು ಯಾರೋ, ಊರಿನವರಿಗೆ ಗೊತ್ತಿರಲಿಲ್ಲ. ಲೋಥೊ ಯಾರಂತೆ ಎಂದು ಆಗ ತಿಳಿಯಿತು.

ಈ ಅಧ್ಯಾಯ ಯುದ್ಧಾನಂತರದ ಇಂಗ್ಲೆಂಡಿನ ಚಿತ್ರವೆಂದು ಕೆಲವರು ಹೇಳಿದ್ದರು. ಅಲ್ಲ, ಅದು ಮೊದಲಿನಿಂದಲೂ ಕಥೆಯ ಅಗತ್ಯ ಭಾಗವಾಗಿತ್ತು ಎಂದು ಟೋಲ್ಕಿನ್ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ನಿರಾಕರಿಸಿದ. ಲೇಖಕರು ಹೀಗೆ ನಿರಾಕರಿಸುವುದು ಸಹಜ. ನನಗಂತೂ ಅದು ನನ್ನ ತಾಲ್ಲೂಕಿನ ಚಿತ್ರವಾಗಿಯೇ ಕಂಡಿತು.

ಆಮೇಲೆ ಬರುವುದು 1420. ಅದು ಶೈರ್‌ನ ಪಂಚಾಂಗದ ವರ್ಷ. ಎಲ್ಫ್ ರಾಣಿ ತನ್ನ ತೋಟದ ಮಣ್ಣನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿ ಸ್ಯಾಮ್‌ಗೆ ಕೊಟ್ಟಿದ್ದಳು. ಅವನು ಅದನ್ನು ತನ್ನ ಮನೆಯ ತೋಟಕ್ಕೆ ಸುರಿದುಕೊಳ್ಳದೆ, ಮರ ಕಡಿದುಹೋದ ಕಡೆಗಳಲ್ಲೆಲ್ಲ ಹೊಸ ಸಸಿ ನೆಟ್ಟು, ಒಂದೊಂದರ ಬುಡಕ್ಕೆ ಒಂದೊಂದು ಕಾಳಿನಷ್ಟು ಹಾಕುತ್ತಾನೆ. ಮರುವರ್ಷ ನಾಡೇ ಉಕ್ಕುತ್ತದೆ. ಉತ್ತರದ ಬಾರ್ಲಿ ಎಂಥದ್ದಾಗುತ್ತದೆಂದರೆ ಆ ವರ್ಷದ ಮಾಲ್ಟಿನ ಬಿಯರು ಗಾದೆಯಾಗಿಬಿಡುತ್ತದೆ. ಒಂದು ತಲೆಮಾರು ಕಳೆದ ಮೇಲೂ ಮುದುಕರು ಒಳ್ಳೆಯ ಬಿಯರು ಕುಡಿದರೆ 1420ರದ್ದು ಇದ್ದ ಹಾಗಿದೆ ಎನ್ನುತ್ತಾರಂತೆ. ರಾಜನ ಪಟ್ಟಾಭಿಷೇಕದ ವೈಭವಕ್ಕೆ ಪುಟಗಟ್ಟಲೆ ಕೊಟ್ಟ ಲೇಖಕ ಈ ಬಿಯರಿಗೆ ಎರಡು ವಾಕ್ಯ ಕೊಡುತ್ತಾನೆ. ನನ್ನ ಮಟ್ಟಿಗೆ ಯುದ್ಧ ಗೆದ್ದದ್ದು ಇಲ್ಲಿ ಖಾತ್ರಿಯಾಯಿತು.

ಸಿನಿಮಾದವರು ಈ ಸೂಕ್ಷ್ಮವನ್ನು ಬಿಟ್ಟರು. ಪೀಟರ್ ಜಾಕ್ಸನ್‌ನ 2001ರ ಚಿತ್ರದಲ್ಲಿ ಬ್ರೀ ಪಡಖಾನೆಯಲ್ಲಿ ದೊಡ್ಡ ಲೋಟ ಕಂಡು ಪಿಪಿನ್ ಬಾಯಿ ಬಿಡುವ ಪ್ರಸಂಗವಿದೆ. ಥಿಯೇಟರಿನಲ್ಲಿ ಹುಡುಗರು ಚಪ್ಪಾಳೆ ತಟ್ಟಿದರು. ಪುಸ್ತಕದಲ್ಲಿ ಅದಿಲ್ಲ. ಊರು ಹಾಳಾದ ಆ ಅಧ್ಯಾಯವನ್ನು 2003ರ ಮೂರನೆಯ ಚಿತ್ರದಲ್ಲಿ ಕೈಬಿಟ್ಟರು. ಹಾಬಿಟ್‌ಗಳು ಹಿಂದಿರುಗಿದಾಗ ಪಡಖಾನೆ ಇದ್ದಂತೆಯೇ ಇದೆ, ಲೋಟ ತುಂಬಿಯೇ ಇದೆ. ಚಿತ್ರೀಕರಣದಲ್ಲಿ ನಟರಿಗೆ ಮತ್ತೇರಬಾರದೆಂದು ನ್ಯೂಜಿಲೆಂಡಿನ ಒಂದು ಬಿಯರ್ ಕಾರ್ಖಾನೆ ಶೇಕಡಾ 1ರಷ್ಟು ಮಾತ್ರ ಮದ್ಯಾಂಶವಿರುವ ಬಿಯರನ್ನು ಪ್ರತ್ಯೇಕವಾಗಿ ತಯಾರಿಸಿ ಕೊಟ್ಟಿತು. ಈಗ ಅಲ್ಲಿನ ಮಟಮಾಟಾ ಎಂಬ ಊರಿನ ಹತ್ತಿರ ಉಳಿದಿರುವ ಸೆಟ್ಟಿನಲ್ಲಿ ಪ್ರವಾಸಿಗರಿಗಾಗಿ 'ಗ್ರೀನ್ ಡ್ರ್ಯಾಗನ್' ಪಡಖಾನೆಯನ್ನೇ ಕಟ್ಟಿ, ಅದಕ್ಕೆಂದೇ ಇಳಿಸಿದ ಬಿಯರು ಮಾರುತ್ತಾರೆ. ಮಾರಲಿ, ಬೇಡವೆನ್ನಲು ನಾನು ಯಾರು.

ಹೋಲಿಕೆಗೆ ಇನ್ನೊಂದು ಲೋಕ ನೋಡೋಣ. ಜೆ.ಕೆ. ರೌಲಿಂಗ್‌ಳ ಹ್ಯಾರಿ ಪಾಟರ್ ಕಥೆಗಳ 'ಬಟರ್‌ಬಿಯರ್'ನಷ್ಟು ಹೆಸರಾದ ಕಲ್ಪಿತ ಪಾನೀಯ ಇನ್ನೊಂದಿಲ್ಲ. 2010ರಿಂದ ಅಮೆರಿಕದ ಅರ್ಲ್ಯಾಂಡೊದ ವಿನೋದ ಉದ್ಯಾನದಲ್ಲಿ ಮದ್ಯವಿಲ್ಲದ ಸಿಹಿ ಪಾನೀಯವಾಗಿ ಅದು ಮಾರಾಟಕ್ಕೂ ಇದೆ. ಕಥೆಯಲ್ಲಿ ಅದು ಬೆಚ್ಚಗಿರುತ್ತದೆ, ಹಿತವಾಗಿರುತ್ತದೆ. ಎಲ್ಲಿ ಬೆಳೆದ ಧಾನ್ಯ, ಯಾರ ಕೆಲಸ? ಸುಳಿವಿಲ್ಲ. ಬರೀ ರುಚಿ. ಹಾಗೆಂದು ನಾನು ಆ ಪುಸ್ತಕಗಳನ್ನು ತಳ್ಳಿಹಾಕಲು ಹೊರಟಿದ್ದಾಗ, 2000ದ ನಾಲ್ಕನೆಯ ಪುಸ್ತಕದಲ್ಲಿ ವಿಂಕಿ ಸಿಕ್ಕಳು. ಯಜಮಾನ ಹೊರಹಾಕಿದ ಮನೆಯಾಳು ಅವಳು. ಶಾಲೆಯ ಅಡುಗೆಮನೆಯ ಒಲೆಯ ಪಕ್ಕ ಕೊಳಕು ಬಟ್ಟೆಯಲ್ಲಿ ಕೂತು ದಿನಕ್ಕೆ ಆರು ಬಾಟಲಿ ಬಟರ್‌ಬಿಯರು ಕುಡಿಯುತ್ತಾಳೆ. ಅದೇನು ಗಡಸಲ್ಲವಲ್ಲ ಎಂದು ಹ್ಯಾರಿ ಕೇಳಿದರೆ, ಮನೆಯಾಳಿನ ಮೈಗೆ ಅದೇ ಗಡಸು ಎಂಬ ಉತ್ತರ. ಅವಳು ಉರುಳಿಬಿದ್ದಾಗ ಉಳಿದ ಆಳುಗಳು ನಾಚಿಕೆಯಿಂದ ಮೇಜಿನ ಬಟ್ಟೆಯನ್ನು ಹೊದಿಸಿ ಮುಚ್ಚುತ್ತಾರೆ. ಮಾವ ಜಗುಲಿಯ ಮೇಲೆ ಬಿದ್ದಾಗ ಅತ್ತೆ ಹೀಗೇ ಕಂಬಳಿ ಹೊದಿಸುತ್ತಿದ್ದಳು, ದಾರಿಯಲ್ಲಿ ಹೋಗುವವರಿಗೆ ಮುಖ ಕಾಣದಿರಲೆಂದು. ಟೋಲ್ಕಿನ್‌ನ ಬಾರ್ಲಿ ಹೊಲದಲ್ಲಿ ಇಂಥ ಒಂದು ದೃಶ್ಯವಿಲ್ಲ. ಅವನ ಲೋಕದಲ್ಲಿ ಕುಡಿದವರು ಹಾಡುತ್ತಾರೆ, ತೂಕಡಿಸುತ್ತಾರೆ, ಮನೆಗೆ ಹೋಗುತ್ತಾರೆ. ಆ ಮನೆಯೊಳಗೆ ಏನಾಯಿತೆಂದು ಅವನು ನೋಡುವುದಿಲ್ಲ. ಇದು ಸಣ್ಣ ದೋಷವಲ್ಲ. ಬಿಯರು ಎಲ್ಲಿಂದ ಬಂತೆಂದು ಇಷ್ಟು ಬಲ್ಲವನು ಅದು ಎಲ್ಲಿಗೆ ಹೋಯಿತೆಂದೂ ಬಲ್ಲವನಾಗಬೇಕಿತ್ತು. ರೌಲಿಂಗ್‌ಗೆ ಹೊಲ ಗೊತ್ತಿಲ್ಲ, ಜಗುಲಿ ಗೊತ್ತು.

ಅವ್ವನ ಪ್ರಶ್ನೆಯೂ ಇದೇ ಆಗಿತ್ತು. ಪೀಪಾಯಿಯ ಕಥೆ ಕೇಳಿ ಎಲ್ಲರೂ ನಕ್ಕರು. ಅವಳು ನಗಲಿಲ್ಲ. ''ಅಲ್ಲ ಕಣೋ, ಆ ಬೀಗದ ಕೈಯವನು ಕುಡಿದು ಮಲಗಿದ್ನಲ್ಲ, ಬೆಳಿಗ್ಗೆ ಎದ್ದಾಗ ಅವನ ಗತಿ ಏನಾಯ್ತು? ಅವನಿಗೆ ಹೆಂಡ್ತಿ ಮಕ್ಕಳು ಇರ್ಲಿಲ್ವಾ?''

ನನ್ನ ಬಳಿ ಉತ್ತರ ಇರಲಿಲ್ಲ. ಕಾಲೇಜಿಗೆ ಹಿಂದಿರುಗಿ ಆ ಅಧ್ಯಾಯವನ್ನು ಮತ್ತೆ ತೆಗೆದೆ. ಹೆಂಡತಿ ಮಕ್ಕಳ ಮಾತು ಎಲ್ಲೂ ಇಲ್ಲ. ಆದರೆ ಮೊದಲ ಓದಿನಲ್ಲಿ ನಾನು ಗಮನಿಸದೆ ದಾಟಿಹೋಗಿದ್ದ ಒಂದು ವಿವರವಿತ್ತು. ಕುಳ್ಳರನ್ನೆಲ್ಲ ಬಿಡಿಸಿಕೊಂಡ ಮೇಲೆ, ಒಂದೊಂದು ಕ್ಷಣವೂ ಬೆಲೆಬಾಳುವ ಆ ಹೊತ್ತಿನಲ್ಲಿ, ಬಿಲ್ಬೊ ಹಿಂದಕ್ಕೆ ಹೋಗಿ ಬೀಗದ ಕೈ ಗೊಂಚಲನ್ನು ಮಲಗಿದ್ದ ದಳಪತಿಯ ಸೊಂಟಕ್ಕೆ ಮತ್ತೆ ಸಿಕ್ಕಿಸುತ್ತಾನೆ. ಇವನು ಕೆಟ್ಟವನಲ್ಲ, ಸೆರೆಯಾಳುಗಳನ್ನು ಚೆನ್ನಾಗಿಯೇ ನೋಡಿಕೊಂಡ, ಇವನಿಗೆ ಬರಲಿರುವ ಕಷ್ಟ ಇದರಿಂದ ಸ್ವಲ್ಪವಾದರೂ ತಪ್ಪಲಿ ಎಂದುಕೊಂಡು.

ಮುಂದಿನ ಸಲ ಊರಿಗೆ ಹೋದಾಗ ಅದನ್ನು ಅವ್ವನಿಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತು ಮೊಳಕೆ ರಾಗಿ ಹುರಿಯುತ್ತಿದ್ದಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ''ಅಷ್ಟಾದ್ರೂ ಮಾಡಿದ್ನಲ್ಲ'' ಎಂದು, ಸೀದುಹೋಗುತ್ತೆ ಅಂತ ಬಾಣಲೆ ಇಳಿಸಿದಳು.